ಟಿಕೆಟ್‌ನಲ್ಲಿ ಆಮೆ ಸೇರಿಲ್ಲ

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ಅರಬ್ಬಿ ಸಮುದ್ರದಲ್ಲಿ ನೇತ್ರಾಣಿ ದ್ವೀಪ ಇದೆ. ಬೆಳಿಗ್ಗೆ ದೋಣಿ ಹತ್ತಿ ಹೋಗಿ, ಮಾಸ್ಕ್ ಹಾಕ್ಕೊಂಡು ಸ್ನಾರ್ಕ್ಲಿಂಗ್ ಮಾಡಿ, ಹವಳ, ಬಣ್ಣಬಣ್ಣದ ಮೀನು ನೋಡಿ ಅವತ್ತೇ ದಡಕ್ಕೆ ಬರಬಹುದು. ಕೂಡ್ಲಿಗಿ, ಕೊಟ್ಟೂರು ಕಡೆಯ ನಾವು ಐದು ಜನ ಗೆಳೆಯರು ಅಲ್ಲಿಗೆ ಹೋಗೋ ಖರ್ಚಿನ ಲೆಕ್ಕ ಹಾಕ್ತಿದ್ದಾಗ ಒಬ್ಬ ಕೇಳಿದ: "ಇಷ್ಟು ರೊಕ್ಕ ಕೊಟ್ಟು ಹೋಗ್ತೀವಿ, ಆಮೆ ಕಾಣ್ಲಿಲ್ಲ ಅಂದ್ರ ವಾಪಸ್ ಕೊಡ್ತಾರೇನಲೇ?"

ನಗು ಬಂತು. ಆದರೆ ಪ್ರಶ್ನೆ ಸಣ್ಣದಲ್ಲ. ನಾವು ಕೊಡೋ ರೊಕ್ಕ ಯಾವುದಕ್ಕೆ?

ದೋಣಿಗೆ, ಡೀಸೆಲ್‌ಗೆ, ಲೈಫ್ ಜಾಕೆಟ್‌ಗೆ, ನೀರಿನಲ್ಲಿ ಜೊತೆಗಿರುವವನ ಅನುಭವಕ್ಕೆ. ಇದರಲ್ಲಿ ಕೊರತೆಯಾದರೆ ಜಗಳ ಆಡಲೇಬೇಕು. ಆಮೆ ಮಾತ್ರ ಯಾರ ಸಂಬಳದಲ್ಲೂ ಇಲ್ಲ.

ನಮ್ಮ ಕಡೆ ರೈತರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ಶೇಂಗಾ ಬೀಜ ಕಳಪೆಯಾದರೆ ಅಂಗಡಿಗೆ ಹೋಗಿ ಕೇಳ್ತಾರೆ. ಮಳೆ ಕೈಕೊಟ್ಟರೆ ಯಾರನ್ನ ಕೇಳಬೇಕು? ಆ ಸಂಕಟ ದೊಡ್ಡದೇ, ಆದರೆ ಅದು ಮೋಸ ಹೋದ ಸಂಕಟ ಅಲ್ಲ. ನಿರಾಸೆ ಬೇರೆ, ಮೋಸ ಬೇರೆ.

ಇವೆರಡನ್ನ ಒಂದೇ ಅಂದ್ಕೊಂಡರೆ ಪೆಟ್ಟು ಬೀಳೋದು ಬೇರೆಯವರಿಗೆ. ಗಿರಾಕಿ ಮುನಿಸಿಕೊಂಡರೆ ದೋಣಿಯವನು ಮೀನು ಕರೆಯೋಕೆ ಬ್ರೆಡ್ ಎಸೀಬಹುದು. ಉಸಿರಾಡೋಕೆ ಮೇಲೆ ಬಂದ ಆಮೆಯ ಬೆನ್ನು ಹತ್ತಬಹುದು. ಫೋಟೋಗಾಗಿ ಯಾರೋ ಹವಳದ ಮೇಲೆ ಕಾಲಿಡಬಹುದು. ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳ ಗುಂಪು. ಅದರಲ್ಲಿ ಎಷ್ಟೋ ಜಾತಿಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು.

ಇದಕ್ಕಿಂತ ಭಯ ಹುಟ್ಟಿಸೋದು ಇನ್ನೊಂದಿದೆ. ಅಲೆ ಜೋರಿದ್ದ ದಿನವೂ "ದುಡ್ಡು ಕೊಟ್ಟಿದ್ದೀವಿ, ನಡೀರಿ" ಅಂತ ಹಟ ಮಾಡೋದು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ದಂಡೆಯಲ್ಲೇ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ದಂಡೆಯಲ್ಲೇ ಹೀಗಾದರೆ, ನಡುನೀರಿನಲ್ಲಿ ನಮ್ಮ ಟಿಕೆಟ್ ನೋಡಿ ಅಲೆ ತಗ್ಗುತ್ತಾ?

"ವರ್ಷಕ್ಕೊಂದು ರಜೆ, ಬೆವರಿನ ದುಡ್ಡು, ಆಸೆ ಪಡೋದೇ ತಪ್ಪಾ?" ಅನ್ನಬಹುದು. ಆಸೆ ತಪ್ಪಲ್ಲ, ಹಕ್ಕು ಚಲಾಯಿಸೋದು ತಪ್ಪು. ರಾಮ್ಸರ್ ಪಟ್ಟಿ ಸೇರಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಏರಿ ಮೇಲೆ ನಿಂತಾಗ, ಹಕ್ಕಿ ಕಾಣದಿದ್ದರೆ ನಾವು ಯಾರ ಮೇಲೂ ಸಿಟ್ಟಾಗಲ್ಲ. ಇನ್ನೊಂದು ಸಲ ಬರೋಣ ಅಂತ ಹೊರಡ್ತೀವಿ.

ಹಾಗಾಗಿ ಬುಕ್ ಮಾಡೋ ಮೊದಲು ಕೇಳಬೇಕಾದ್ದು ಇಷ್ಟು: ಜಾಕೆಟ್ ಎಲ್ಲರಿಗೂ ಇದೆಯಾ? ಸಮುದ್ರ ಸರಿ ಇಲ್ಲದಿದ್ದರೆ ದೋಣಿ ಬಿಡಲ್ಲ ತಾನೇ? ಬಿಡದಿದ್ದರೆ ದುಡ್ಡಿನ ಕಥೆ ಏನು? ಜೊತೆಗೆ ನಮ್ಮ ಕಡೆಯಿಂದಲೂ ಒಂದು ಮಾತು ಹೇಳಿಬಿಡಬೇಕು: "ಅಣ್ಣಾ, ಆಮೆ ಕಾಣದಿದ್ದರೂ ಪರವಾಗಿಲ್ಲ." ಬೇಡ ಅನ್ನಿಸಿದ ದಿನ ಬೇಡ ಅನ್ನೋಕೆ ಅವನಿಗೂ ಧೈರ್ಯ ಬರುತ್ತೆ.