ಕುಟ್ಟೆ ಹುಳುವಿನ ಸಾಕ್ಷಿ

ಫ್ರಾನ್ಸಿನ ಕಂಪಿಯೆನ್ ಊರಿನಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರು ಮನೆ ಖಾಲಿ ಮಾಡಲು ಹೊರಟಿದ್ದರು. ಸಾಮಾನಿಗೆ ಬೆಲೆ ಕಟ್ಟಲು ಬಂದ ಹರಾಜಿನವರ ಕಣ್ಣು ಅಡುಗೆಮನೆಯ ಒಲೆಯ ಮೇಲ್ಗಡೆ ನೇತಾಡುತ್ತಿದ್ದ ಪುಟ್ಟ ಪಟದ ಮೇಲೆ ಬಿತ್ತು. ಎತ್ತರ ಒಂದು ಗೇಣಿಗಿಂತ ತುಸು ಹೆಚ್ಚು. ಯಾವುದೋ ಹಳೆಯ ದೇವರ ಪಟ ಎಂದು ಮನೆಯವರು ಅದರ ಪಾಡಿಗೆ ಅದನ್ನು ಬಿಟ್ಟಿದ್ದರು. ಜನ ಸುತ್ತುವರಿದು ಕ್ರಿಸ್ತನನ್ನು ಅಣಕಿಸುತ್ತಿರುವ ಆ ಚಿತ್ರವನ್ನು 1280ರ ಸುಮಾರಿಗೆ ಫ್ಲಾರೆನ್ಸಿನ ಚಿತ್ರಕಾರ ಚಿಮಾಬುವೆ ಬರೆದಿದ್ದ. 2019ರ ಅಕ್ಟೋಬರಿನಲ್ಲಿ ಅದು ಸುಮಾರು 2.4 ಕೋಟಿ ಯೂರೋಗೆ ಹೋಯಿತು.

ಹಣದ ಮಾತು ಪತ್ರಿಕೆಗಳಿಗಿರಲಿ. ಪಟ ಅವನದೇ ಎಂದು ತೀರ್ಮಾನಿಸಿದ ಬಗೆ ನನಗೆ ಅದಕ್ಕಿಂತ ದೊಡ್ಡ ಸುದ್ದಿ. ಶೈಲಿ, ಚಿನ್ನದ ರೇಕಿನ ಮೇಲಿನ ಚುಕ್ಕೆಗಳ ಕೆಲಸ ಇವೆಲ್ಲ ಹೊಂದಿದವು, ಸರಿ. ಆದರೆ ಗಟ್ಟಿ ಸಾಕ್ಷಿ ಹೇಳಿದ್ದು ಕುಟ್ಟೆ ಹುಳು. ಚಿಮಾಬುವೆಯ ಇಂಥವೇ ಇನ್ನೆರಡು ಪಟಗಳು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲೂ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲೂ ಇವೆ. ಆ ಪಾಪ್ಲರ್ ಹಲಗೆಯಲ್ಲಿ ಹುಳು ಕೊರೆದ ಸುರಂಗಗಳು ಈ ಹಲಗೆಯ ಸುರಂಗಗಳಿಗೆ ತಾಳೆಯಾದವು. ಮೂರೂ ಒಂದು ಕಾಲಕ್ಕೆ ಒಂದೇ ಹಲಗೆಯ ಭಾಗಗಳು. ಯಾರೋ ಗರಗಸ ಹಾಕಿ ತುಂಡರಿಸಿ ದೇಶಾಂತರ ಕಳಿಸಿದ್ದರು. ಮರವನ್ನು ತಿಂದು ಮುಗಿಸುವುದಕ್ಕೆಂದೇ ಹುಟ್ಟಿದ ಜೀವಿ ತಿನ್ನುತ್ತಾ ತಿನ್ನುತ್ತಾ ಅದರ ವಂಶಾವಳಿಯನ್ನೂ ಬರೆದಿಟ್ಟಿತ್ತು.

ನಶ್ವರತೆಯ ಬಗ್ಗೆ ಮಾತಾಡುವಾಗ ನಾವು ಕಾಲವನ್ನು ಬರೀ ಕಸಿಯುವವನನ್ನಾಗಿ ಕಾಣುತ್ತೇವೆ. ಚಿಮಾಬುವೆಯ ವಿಷಯದಲ್ಲಿ ಕಾಲ ಕಸಿದದ್ದೇನೂ ಕಡಿಮೆಯಲ್ಲ. ಅವನು ಸತ್ತದ್ದು 1302ರಲ್ಲಿ. ಇಪ್ಪತ್ತು ವರ್ಷ ತುಂಬುವುದರೊಳಗೆ ಕವಿ ಡಾಂಟೆ ತನ್ನ ‘ಪರ್ಗಟೋರಿಯೊ’ ಕಾವ್ಯದಲ್ಲಿ ಕೀರ್ತಿ ಎಷ್ಟು ಬೇಗ ಬಾಡುತ್ತದೆ ಎಂಬುದಕ್ಕೆ ಅವನನ್ನೇ ಉದಾಹರಣೆ ಕೊಟ್ಟ. ಚಿತ್ರ ಬರೆಯುವವರಲ್ಲಿ ತಾನೇ ಮುಂದೆಂದುಕೊಂಡಿದ್ದವನ ಹೆಸರು ಕಿರಿಯ ಚಿತ್ರಕಾರ ಜೊತ್ತೊ ಬಂದದ್ದೇ ಮಸುಕಾಯಿತಂತೆ. ಆದರೆ ಅದನ್ನು ಹೇಳಿದ ಆ ಸಾಲುಗಳೇ ಚಿಮಾಬುವೆಯ ಹೆಸರನ್ನು ಏಳುನೂರು ವರ್ಷ ಹೊತ್ತು ತಂದಿವೆ.

ಹೆಸರಿಗಾದದ್ದು ಬಣ್ಣಕ್ಕೂ ಆಯಿತು. ಇಟಲಿಯ ಆಸಿಸಿ ಊರಿನ ಸಂತ ಫ್ರಾನ್ಸಿಸನ ದೇಗುಲದ ಗೋಡೆಯಲ್ಲಿ ಚಿಮಾಬುವೆ ಬರೆದ ಶಿಲುಬೆಯ ದೃಶ್ಯವಿದೆ. ಬೆಳಕು ಬೀಳುವ ಕಡೆಯೆಲ್ಲ ಅವನು ಸೀಸದ ಬಿಳಿ ಬಳಸಿದ್ದ. ಬರಬರುತ್ತಾ ಆ ಬಿಳಿ ಕಪ್ಪಿಟ್ಟಿತು. ಮುಖ, ಕೈ, ಬಟ್ಟೆಯ ಮಡಿಕೆ, ಎಲ್ಲೆಲ್ಲಿ ಬೆಳಗಬೇಕಿತ್ತೋ ಅಲ್ಲೆಲ್ಲ ಈಗ ಕತ್ತಲೆ. ಹಳೆಯ ಫೋಟೋ ಸ್ಟುಡಿಯೋಗಳ ನೆಗೆಟಿವ್ ಕಂಡವರಿಗೆ ಆ ಗೋಡೆಯನ್ನು ವಿವರಿಸಬೇಕಿಲ್ಲ.

ಸೀಸಕ್ಕೇನು ನಷ್ಟವಾಯಿತು? ಏನೂ ಇಲ್ಲ. ಜೈನ ದಾರ್ಶನಿಕ ಸಮಂತಭದ್ರ ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದ ದೃಷ್ಟಾಂತ ಕೊಡುತ್ತಾನೆ. ಕೊಡ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಚಿನ್ನವೇ ಬೇಕಿದ್ದವನು ಸುಮ್ಮನಿರುತ್ತಾನೆ. ಹುಟ್ಟು, ಅಳಿವು, ಉಳಿವು ಮೂರೂ ಒಂದೇ ಗಳಿಗೆಯಲ್ಲಿ ನಡೆಯುತ್ತವೆ ಎಂಬ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಆಸಿಸಿಯ ಗೋಡೆಯ ಮುಂದೆ ಆ ಮೂರನೆಯವನಾಗಿ ನಿಲ್ಲುವುದು ನನ್ನಿಂದಾಗದು. ಸೀಸ ಉಳಿದಿದೆಯಲ್ಲ ಎಂದು ಸಮಾಧಾನಪಡುವವನಿಗೆ ಚಿತ್ರ ಯಾವತ್ತೂ ಬೇಕಾಗಿರಲಿಲ್ಲ.

1997ರ ಸೆಪ್ಟೆಂಬರ್ 26ರಂದು ಭೂಕಂಪಕ್ಕೆ ಅದೇ ದೇಗುಲ ನಡುಗಿತು. ರಾತ್ರಿಯ ಕಂಪನದ ಹಾನಿ ನೋಡಲು ಒಳಹೋಗಿದ್ದವರ ಮೇಲೆ ಬೆಳಗಿನ ಎರಡನೆಯ ಕಂಪನಕ್ಕೆ ಚಾವಣಿ ಕಳಚಿಬಿತ್ತು. ಮಠದ ಇಬ್ಬರು, ತಪಾಸಣೆಗೆ ಬಂದ ಇಬ್ಬರು, ಒಟ್ಟು ನಾಲ್ವರು ಸತ್ತರು. ಆ ಚಾವಣಿಯಲ್ಲಿ ಚಿಮಾಬುವೆ ಬರೆದಿದ್ದ ಸಂತ ಮತ್ತಾಯ ಪುಡಿಪುಡಿಯಾದ. ಬಾಗಿಲ ಕಡೆಯ ಚಾವಣಿಯೂ ಉದುರಿತು. ಆದರೆ ಅದರ ಕೆಳಗಿನ ಗೋಡೆಯಲ್ಲಿ ಫ್ರಾನ್ಸಿಸ್ ಹಕ್ಕಿಗಳಿಗೆ ಉಪದೇಶ ಮಾಡುತ್ತಿರುವ ಚಿತ್ರ ಹಾಗೇ ನಿಂತಿತು. ಹಕ್ಕಿಗಳ ಪುಣ್ಯ ಎನ್ನಬಹುದೇನೋ, ಆದರೆ ಕೆಳಗೆ ನಿಂತಿದ್ದ ನಾಲ್ವರಿಗೆ ಆ ಲೆಕ್ಕ ಹೇಗೆ ಒಪ್ಪಿಸುವುದು? ಲಕ್ಷಗಟ್ಟಲೆ ಚೂರುಗಳನ್ನು ಆರಿಸಿ, ಬಣ್ಣವಾರು ವಿಂಗಡಿಸಿ, ವರ್ಷಗಟ್ಟಲೆ ಕೂತು ಜೋಡಿಸಿದರು. ಮತ್ತಾಯ ಈಗ ಮೇಲಿದ್ದಾನೆ, ಮೈತುಂಬ ಖಾಲಿ ಜಾಗಗಳೊಂದಿಗೆ.

ಖಾಲಿಯನ್ನು ಖಾಲಿಯಾಗಿಯೇ ಬಿಡುವ ಈ ಸಂಯಮ ಇಟಲಿಯಲ್ಲಿ ಆ ಹೊತ್ತಿಗೆ ಹೊಸದಲ್ಲ. 1966ರ ನವೆಂಬರ್ 4ರಂದು ಆರ್ನೋ ನದಿ ಫ್ಲಾರೆನ್ಸಿಗೆ ನುಗ್ಗಿದಾಗ ಅಲ್ಲಿನ ಸಾಂತಾ ಕ್ರೋಚೆ ಚರ್ಚಿನ ಸಂಗ್ರಹಾಲಯದಲ್ಲಿದ್ದ ಚಿಮಾಬುವೆಯ ದೊಡ್ಡ ಶಿಲುಬೆ ಮುಳುಗಿತ್ತು. ನೀರಿಗೆ ಕೆಸರು, ಎಣ್ಣೆ ಎರಡೂ ಬೆರೆತಿದ್ದವು. ನಾಲ್ಕು ಮೀಟರಿಗೂ ಎತ್ತರದ ಮರ ನೀರು ಕುಡಿದು ಉಬ್ಬಿತು, ಬಣ್ಣ ಹಕ್ಕಳೆ ಎದ್ದು ಉದುರಿತು. ಅರ್ಧಕ್ಕಿಂತ ಹೆಚ್ಚು ಹೋಯಿತು. ಸರಿಪಡಿಸಿದವರು ಹೋದ ಅರ್ಧ ಮುಖವನ್ನು ಊಹಿಸಿ ಬರೆಯಲಿಲ್ಲ. ಆ ಜಾಗಗಳಲ್ಲಿ ಹಲವು ಬಣ್ಣದ ಎಳೆಗೆರೆಗಳನ್ನು ಹೆಣೆದರು. ದೂರದಿಂದ ಚಿತ್ರಕ್ಕೆ ಹೊಂದುವ ಒಂದು ಮಂಕು ಛಾಯೆ, ಹತ್ತಿರ ಹೋದರೆ ಬರೀ ಗೆರೆ. ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಯ ಹಳೆಯ ಭಿತ್ತಿಚಿತ್ರದ ಮೇಲೆ ಎನಾಮಲ್ ಪೇಂಟ್ ಬಳಿಯುವುದನ್ನು ಕಂಡ ನಮ್ಮವರಿಗೆ ಇದು ಎಷ್ಟು ದೊಡ್ಡ ಮರ್ಯಾದೆ ಎಂಬುದು ಹೊಳೆಯದಿರದು. ಕಳೆದದ್ದನ್ನು ಕಳೆದಿದೆ ಎಂದು ಒಪ್ಪಿಕೊಳ್ಳುವುದೂ ಒಂದು ಬಗೆಯ ಕಾಪಾಡುವಿಕೆಯೇ.

ಕಾಪಾಡಬೇಕೆಂದು ದೇಗುಲದಲ್ಲಿ, ಸಂಗ್ರಹಾಲಯದಲ್ಲಿ ಇಟ್ಟವು ಬಿದ್ದವು, ನೆನೆದವು. ಅಡುಗೆಯ ಹಬೆಯಲ್ಲಿ ಯಾರೂ ಲೆಕ್ಕಕ್ಕಿಡದೆ ನೇತಾಡಿದ್ದು ನೆಟ್ಟಗಿತ್ತು. ಇದರಿಂದ ನೀತಿ ತೆಗೆಯಲು ಹೋದರೆ ಎಡವುತ್ತೇವೆ. ಅಲಕ್ಷ್ಯದಿಂದ ಉಳಿದದ್ದು ಒಂದಾದರೆ ಒಲೆಗೆ ಹೋದದ್ದು ಹತ್ತಿರಬಹುದು. ಕಂಪಿಯೆನ್ನಿನ ಪಟವನ್ನು ಫ್ರಾನ್ಸ್ ಹೊರಗೆ ಹೋಗಗೊಡಲಿಲ್ಲ. 2023ರಲ್ಲಿ ಅದು ಲೂವ್ರ್ ಸಂಗ್ರಹಾಲಯದ ಪಾಲಾಯಿತು. ಮೂಲದಲ್ಲಿ ಇಂಥ ಎಂಟು ದೃಶ್ಯಗಳಿದ್ದವೆಂಬುದು ತಜ್ಞರ ಅಂದಾಜು. ಈವರೆಗೆ ಸಿಕ್ಕಿದ್ದು ಮೂರೇ. ನಾಲ್ಕನೆಯದು ಎಲ್ಲಾದರೂ ಗೋಡೆಯಿಂದ ಇಳಿದು ಬಂದರೆ, ತಜ್ಞರು ಮುಂಭಾಗದ ಚಿನ್ನ ನೋಡಿ ಮುಗಿಸುವಂತಿಲ್ಲ. ಹಲಗೆಯನ್ನು ತಿರುಗಿಸಿ ಹುಳು ಎತ್ತ ಹೋಗಿದೆ ಎಂದೂ ಹುಡುಕಬೇಕು.