ಎಷ್ಟು ಕೊಡುತ್ತೀರಿ ಎಂದು ಕೇಳುವ ಮೊದಲು

1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಎಂಬ ತೈಲದ ಹಡಗು ಅಲಾಸ್ಕದ ಕರಾವಳಿಯಲ್ಲಿ ಬಂಡೆಗೆ ಬಡಿದು, ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಕಡಲಿಗೆ ಸುರಿಯಿತು. ಲಕ್ಷಾಂತರ ಕಡಲಹಕ್ಕಿಗಳು, ಸಾವಿರಾರು ನೀರುನಾಯಿಗಳು ಸತ್ತವು. ಮೀನುಗಾರರ ನಷ್ಟವನ್ನು ಲೆಕ್ಕ ಹಾಕಬಹುದಿತ್ತು. ಯಾರ ಸ್ವತ್ತೂ ಅಲ್ಲದ ಹಕ್ಕಿಯ ಸಾವಿಗೆ ಲೆಕ್ಕ ಹೇಗೆ?

ಅಲಾಸ್ಕ ರಾಜ್ಯದ ಪರವಾಗಿ ಅರ್ಥಶಾಸ್ತ್ರಜ್ಞ ರಿಚರ್ಡ್ ಕಾರ್ಸನ್ ಮತ್ತು ಸಂಗಡಿಗರು ಅಮೆರಿಕದ ಮನೆಮನೆಗಳಲ್ಲಿ ಜನರನ್ನು ಕೇಳಿಸಿದರು: ಇಂಥ ಇನ್ನೊಂದು ಅನಾಹುತವನ್ನು ತಡೆಯುವ ಯೋಜನೆಗಾಗಿ ನಿಮ್ಮ ಮೇಲೆ ಇಷ್ಟು ತೆರಿಗೆ ಬಿದ್ದರೆ ಅದರ ಪರವಾಗಿ ಮತ ಹಾಕುತ್ತೀರಾ? ಮನೆಯೊಂದಕ್ಕೆ ಸುಮಾರು 31 ಡಾಲರ್ ಎಂಬ ಉತ್ತರ ಹೊರಟಿತು. ದೇಶದ ಮನೆಗಳಿಗೆ ಗುಣಿಸಿದಾಗ ಅದು 280 ಕೋಟಿ ಡಾಲರ್ ಆಯಿತು.

ಎಕ್ಸಾನ್ ಕಂಪನಿಯ ಹಣದಿಂದ ನಡೆದ ಮತ್ತೊಂದು ಅಧ್ಯಯನ 1993ರಲ್ಲಿ ಪ್ರಕಟವಾಯಿತು. ತೆರೆದ ತೈಲಹೊಂಡಗಳಲ್ಲಿ ಮುಳುಗಿ ಸಾಯುವ ವಲಸೆ ಹಕ್ಕಿಗಳನ್ನು ಉಳಿಸಲು ಹೊಂಡಗಳಿಗೆ ಬಲೆ ಹೊದಿಸಬೇಕು, ನೀವೆಷ್ಟು ಕೊಡುತ್ತೀರಿ ಎಂಬುದು ಅಲ್ಲಿನ ಪ್ರಶ್ನೆ. 2,000 ಹಕ್ಕಿಗಳಿಗೆ ಎಂದು ಕೇಳಿಸಿಕೊಂಡವರು ಸರಾಸರಿ 80 ಡಾಲರ್ ಎಂದರು. 20,000 ಹಕ್ಕಿಗಳಿಗೆ 78. ಎರಡು ಲಕ್ಷಕ್ಕೆ 88. ಹಕ್ಕಿಗಳ ಸಂಖ್ಯೆ ನೂರು ಪಟ್ಟು ಹೆಚ್ಚಿದರೂ ಹಣ ಅಲ್ಲೇ ನಿಂತಿತು. ಹಾಗಾಗಿ ಇಂಥ ಸಮೀಕ್ಷೆಗಳೇ ಹುಸಿ ಎಂದು ಅಧ್ಯಯನ ನಡೆಸಿದವರು ವಾದ ಹೂಡಿದರು.

ನನಗೆ ಆ ವಾದ ಒಪ್ಪಿಗೆಯಿಲ್ಲ. ಆ ಜನ ಸರಕು ಕೊಳ್ಳುತ್ತಿರಲಿಲ್ಲ, ಇದು ನಡೆಯಬಾರದು ಎಂದು ಹೇಳುತ್ತಿದ್ದರು. ನಡೆಯಬಾರದ್ದು ಎರಡು ಸಾವಿರ ಹಕ್ಕಿಗಳಿಗೂ ನಡೆಯಬಾರದು, ಎರಡು ಲಕ್ಷ ಹಕ್ಕಿಗಳಿಗೂ ನಡೆಯಬಾರದು. ಆ ನಿಲುವಿಗೆ ಡಾಲರಿನ ವೇಷ ತೊಡಿಸಿ, ಆಮೇಲೆ ಅದು ಬೆಲೆಯಂತೆ ಏರಲಿಲ್ಲ ಎಂದು ದೂರುವುದು ಅನ್ಯಾಯ.

ಇದಕ್ಕೂ ಆಳದ ತೊಡಕು ಪ್ರಶ್ನೆಯಲ್ಲೇ ಇದೆ. ಉಳಿಸಲು ಎಷ್ಟು ಕೊಡುತ್ತೀರಿ ಎಂದು ಕೇಳಿದ ಕ್ಷಣ, ನಾಶ ಮಾಡುವ ಹಕ್ಕು ಇನ್ನೊಬ್ಬನದು, ಅವನನ್ನು ತಡೆಯಲು ನಾವು ದುಡ್ಡು ತೆರಬೇಕು ಎಂದು ಒಪ್ಪಿಕೊಂಡಂತಾಯಿತು. ಕಳೆದುಕೊಳ್ಳಲು ಒಪ್ಪಬೇಕಾದರೆ ನಿಮಗೆ ಎಷ್ಟು ಕೊಡಬೇಕು ಎಂದು ಕೇಳಿ ನೋಡಿ: ಮೊತ್ತ ಹಲವು ಪಟ್ಟು ಏರುತ್ತದೆ, ಕೆಲವರು ಎಷ್ಟು ಕೊಟ್ಟರೂ ಬೇಡ ಎನ್ನುತ್ತಾರೆ. ಮೊದಲ ಪ್ರಶ್ನೆಗೆ ಜೇಬಿನ ಮಿತಿಯಿದೆ, ಎರಡನೆಯದಕ್ಕಿಲ್ಲ. 1993ರಲ್ಲಿ ಇಂಥ ಸಮೀಕ್ಷೆಗಳನ್ನು ಪರಿಶೀಲಿಸಿದ, ಅರ್ಥಶಾಸ್ತ್ರಜ್ಞರಾದ ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೋಲೋ ಅಧ್ಯಕ್ಷತೆಯ ಸಮಿತಿ ಮೊದಲ ಪ್ರಶ್ನೆಯನ್ನೇ ಶಿಫಾರಸು ಮಾಡಿತು. ಮೊತ್ತ ಉಬ್ಬದಿರಲಿ ಎಂಬ ಎಚ್ಚರ ಅದರಲ್ಲಿತ್ತು, ನಿಜ. ಆದರೆ ಹಕ್ಕು ಯಾರದು ಎಂಬುದು ಲೆಕ್ಕ ಶುರುವಾಗುವ ಮೊದಲೇ ತೀರ್ಮಾನವಾಗಿಬಿಟ್ಟಿತು.

ಸಂಖ್ಯೆಯೇ ಬೇಡವೆನ್ನುವ ಧೈರ್ಯ ನನಗಿಲ್ಲ. ಅಣೆಕಟ್ಟಿನ, ಗಣಿಯ ಲಾಭ ಕೋಟಿಗಳಲ್ಲಿ ಬರೆದಿರುವಾಗ ಸಿಂಗಳೀಕದ ಸಾಲು ಖಾಲಿ ಬಿಟ್ಟರೆ ಅಧಿಕಾರಿ ಅದನ್ನು ಸೊನ್ನೆ ಎಂದೇ ಓದುತ್ತಾನೆ. ಸಂಖ್ಯೆ ಇರಲಿ, ಆದರೆ ಯಾರನ್ನು, ಯಾವ ನಾಣ್ಯದಲ್ಲಿ ಕೇಳಿದ್ದು ಎಂಬುದೂ ಅದರ ಪಕ್ಕದಲ್ಲಿರಲಿ.

ನಮ್ಮ ಕೊಡಗಿನಲ್ಲೇ ಇದಕ್ಕೊಂದು ದಾರಿ ಕಂಡಿದೆ. ಕೆ.ಎನ್. ನಿನಾನ್ ಮತ್ತು ಜ್ಯೋತಿಸ್ ಸತ್ಯಪಾಲನ್ ಅಲ್ಲಿನ ಕಾಫಿ ಬೆಳೆಗಾರರನ್ನು ಆನೆ ಸಂರಕ್ಷಣೆಯ ಬಗ್ಗೆ ಕೇಳಿದಾಗ ಹಣದ ಬದಲು ಸಮಯವನ್ನು ಅಳತೆಗೋಲಾಗಿಸಿಕೊಂಡರು. ಹಲಸು ಹಣ್ಣಾಗುವ ಕಾಲಕ್ಕೆ ಆನೆ ತೋಟಕ್ಕೆ ನುಗ್ಗುತ್ತದೆ, ಹಣ್ಣಿಗೆಂದು ಬಂದದ್ದು ವರ್ಷಗಟ್ಟಲೆ ಬೆಳೆಸಿದ ಕಾಫಿ ಗಿಡಗಳನ್ನು ಮುರಿದುಕೊಂಡು ಹೋಗುತ್ತದೆ. ಆ ನಷ್ಟ ಉಂಡವರೂ ಆನೆಗಾಗಿ ತಮ್ಮ ದಿನಗಳನ್ನು ಕೊಡಲು ಸಿದ್ಧರಿದ್ದರು. ರೂಪಾಯಿಯಲ್ಲಿ ಕೇಳಿದ್ದರೆ ಕೈಯಲ್ಲಿ ಕಾಸಿಲ್ಲದವರ ಮನಸ್ಸು ಲೆಕ್ಕಕ್ಕೇ ಸೇರುತ್ತಿರಲಿಲ್ಲ. ಬೆಂಗಳೂರಿನ ಮನೆಗಳಲ್ಲಿ ಆನೆಯ ಬೆಲೆ ಕೇಳಹೊರಡುವವರು ಇದೇ ಬೆಳೆಗಾರರನ್ನು ಎರಡನೆಯ ಪ್ರಶ್ನೆಯನ್ನೂ ಕೇಳಬೇಕು: ಈ ಆನೆಗಳ ಜೊತೆ ಬದುಕಲು ನಿಮಗೆ ನಾವೇನು ಕೊಡಬೇಕು?