ಒಂಬತ್ತನೆಯ ದಿನ



ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಕಬ್ಬು ಕಡಿದು ಕೈ ಒಡೆದವರು, ಹಮಾಲರು, ಓದಿದವರು, ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂಡುತ್ತಾರೆ. ಎಂಟನೆಯ ದಿನ ಹೆಂಡತಿ ಮಕ್ಕಳ ಮುಂದೆ ಅಳುತ್ತಾರೆ. ಒಂಬತ್ತನೆಯ ದಿನ ಊರಿಗೆ ಬರುತ್ತಾರೆ.

ನನ್ನ ಚಿಂತೆ ಆ ಒಂಬತ್ತನೆಯ ದಿನದ್ದು. ಹಾಗೆ ಬಂದವನೊಬ್ಬ ಚಹಾದಂಗಡಿ ಕಟ್ಟೆಯ ಮೇಲೆ ಕೂತಿದ್ದ. ಕೈಯ ನಡುಕ ಇನ್ನೂ ಪೂರಾ ನಿಂತಿರಲಿಲ್ಲ. ಕಪ್ಪು ಬಶಿಗೆ ಬಡಿದು ಕಟಕಟ ಅನ್ನುತ್ತಿತ್ತು. ಬದಿಯವನು ಕೇಳಿದ, "ಏನಪಾ, ಇದು ಎಷ್ಟ ದಿನದ ಆಟ?" ಎಲ್ಲರೂ ನಕ್ಕರು. ಅವನು ಅರ್ಧ ಚಹಾ ಬಿಟ್ಟು ಎದ್ದ. ಎಲ್ಲಿಗೆ ಹೋದ ಅಂತ ನಿಮಗೆ ಹೇಳಬೇಕಾಗಿಲ್ಲ. ನಾನೂ ಅಲ್ಲಿದ್ದೆ, ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಇವತ್ತಿಗೂ ಚುಚ್ಚುತ್ತದೆ.

ಹಾಗೆ ನಗದೆ, ಮರ್ಯಾದೆ ಕೊಟ್ಟು ಚಟ ಬಿಡಿಸಿದವರೂ ಇದ್ದರು. ಇಳಕಲ್ಲಿನ ಚಿತ್ತರಗಿ ಮಠದ ಮಹಾಂತಪ್ಪಗಳು 1975ರಲ್ಲಿ ಜೋಳಿಗೆ ಹೆಗಲಿಗೆ ಹಾಕಿ ಹೊರಟರು. ಕೇರಿ ಕೇರಿ ತಿರುಗಿ ಚಟವನ್ನೇ ಭಿಕ್ಷೆ ಬೇಡಿದರು. ಸ್ವಲ್ಪ ವಿಚಾರ ಮಾಡಿರಿ: ಬೇಡುವವರು ಪೀಠದ ಸ್ವಾಮಿಗಳು, ನೀಡುವವನು ಊರೆಲ್ಲ ಉಗಿದ ಮನುಷ್ಯ. ಭಿಕ್ಷೆ ನೀಡುವ ಕೈ ಮೇಲಿರುತ್ತದೆ. ವರ್ಷಗಟ್ಟಲೆ ತಲೆ ಎತ್ತದವನಿಗೆ ಅಂದು ಕೊಡುವವನ ಮರ್ಯಾದೆ ಸಿಕ್ಕಿತು. ಮಹಾಂತಪ್ಪಗಳು ಹುಟ್ಟಿದ ಆಗಸ್ಟ್ 1 ಈಗ ನಾಡಿನ ವ್ಯಸನಮುಕ್ತ ದಿನ.

ಇಂಥ ಮರ್ಯಾದೆ ನಮಗೆ ಹೊಸದಲ್ಲ. ಹೆಂಡ ಮಾರುತ್ತಿದ್ದ ಮಾರಯ್ಯನನ್ನು ಶರಣರ ಸಾಲಿನಲ್ಲಿ ಕೂಡಿಸಿಕೊಂಡವರು ನಾವು. ಹೆಂಡದ ಮಾರಯ್ಯ ಅಂತಲೇ ಇಂದಿಗೂ ಕರೆಯುತ್ತೇವೆ, ಕೈ ಮುಗಿದು ಕರೆಯುತ್ತೇವೆ.

ತಾಯಂದಿರಿಗೆ ಒಂದು ಮಾತು. ವರ್ಷಾನುಗಟ್ಟಲೆ ದಿನಾ ಕುಡಿದವನನ್ನು ಕೋಣೆಯೊಳಗೆ ಹಾಕಿ ಕೀಲಿ ಜಡಿದು ಬಿಡಿಸಲು ಹೋಗಬೇಡಿರಿ. ಒಮ್ಮೆಲೇ ನಿಂತರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೂ ಕುತ್ತು. ಕುಡಿತದ ಚಟ ಮಿದುಳಿಗೆ ಹತ್ತಿದ ರೋಗ, ಔಷಧ ಇದೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಇಲ್ಲವೇ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿರಿ, ಕನ್ನಡದಲ್ಲೇ ಮಾತಾಡುತ್ತಾರೆ. ಹೊಡೆತ ತಿಂದವಳಿಗೆ ಸಹಿಸಿಕೊಂಡಿರು ಅಂತ ನಾನು ಎಂದೂ ಹೇಳಲಾರೆ. ಆಕೆ ಮೊದಲು ತನ್ನ, ಮಕ್ಕಳ ಜೀವ ನೋಡಿಕೊಳ್ಳಲಿ. ಕರುಣೆಯ ಹೊರೆ ಆಕೆಯೊಬ್ಬಳ ತಲೆಯ ಮೇಲೆ ಹೊರಿಸುವುದು ಬೇಡ. ಗೋಕಾಕ, ಮೂಡಲಗಿ, ಹುಕ್ಕೇರಿಯಿಂದ ಬಂದು ಇಲ್ಲಿ ಕೂತ ನಾವೆಲ್ಲ ಹಂಚಿಕೊಂಡು ಹೊರೋಣ.

ಪ್ರಸಾದ ಮುಗಿಸಿ ಹೊರಡುವಾಗ ಬಾಗಿಲಲ್ಲಿ ಜೋಳಿಗೆ ಹಿಡಿದು ನಿಂತಿರುತ್ತೇನೆ. ಚಟ ಇದ್ದವರು ಚಟ ಹಾಕಿರಿ. ಇಲ್ಲದವರು 'ಕುಡುಕ' ಅನ್ನುವ ಆ ಒಂದು ಮಾತು ಹಾಕಿ ಹೋಗಿರಿ.